ಹಸಿರು ಚುಕ್ಕೆ

ಊರಿಗೆ ಊರೇ ಆ ವಿಡಿಯೊ ನೋಡಿತ್ತು. ಹನ್ನೊಂದು ಸೆಕೆಂಡಿನದು. ಹಾಲಿನ ಡೇರಿಯ ಮುಂದೆ ನಿಂತವರು, ಟಂಟಂ ಆಟೋದಲ್ಲಿ ಕೂತವರು, ಸಾಲಿ ಮಾಸ್ತರರು, ಎಲ್ಲರ ಫೋನಿನಲ್ಲೂ ಅದೇ. ಕಡುನೀಲಿ ಗುಡ್ಡ, ಅದರ ನಡುವೆ ಮೈಯ ಶಾಖದಿಂದ ಬೆಳ್ಳಗೆ ಹೊಳೆಯುವ ಒಬ್ಬ ಮನುಷ್ಯ. ಅವನ ಕೈ ಮೇಲಿದೆ. ಕೈ ಕೆಳಗಿಳಿಯುತ್ತದೆ. ಅವನು ಬಗ್ಗಿ ಡಂಪರಿನ ಹಿಂದಕ್ಕೆ ಹೋಗುತ್ತಾನೆ. ಅಷ್ಟೂ ಹೊತ್ತು ಒಂದು ಹಸಿರು ಚುಕ್ಕೆ ಅವನು ನಿಂತಿದ್ದ ಜಾಗದ ಮೇಲೆ ಅಲುಗದೆ ಕೂತಿರುತ್ತದೆ. ಡಂಪರು ಹಿಂದಕ್ಕೆ ಸರಿಯುತ್ತದೆ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

ಆ ಹಸಿರು ಚುಕ್ಕೆ ಗಾಳೆಮ್ಮನ ನೋಟ. ಡಂಪರು ಓಡಿಸುತ್ತಿದ್ದವಳು ಅವಳು. ಸತ್ತವನು ಎರ್ರಿಸ್ವಾಮಿ, ಮಣ್ಣು ಸುರಿಯುವ ಅಂಚಿನವರೆಗೆ ಡಂಪರುಗಳನ್ನು ಕೈಸನ್ನೆಯಿಂದ ಹಿಂದಕ್ಕೆ ಕರೆದುಕೊಳ್ಳುವ ಸಿಗ್ನಲ್ಲಿನವನು. ಇಬ್ಬರ ಮನೆಯೂ ಒಂದೇ ಓಣಿಯಲ್ಲಿ. ನಡುವೆ ಒಂದು ನಲ್ಲಿ.

ಆ ನಲ್ಲಿಗೆ ಕೊಡ ಹಿಡಿದು ಹೋಗುವುದು ಗಾಳೆಮ್ಮನ ತಂಗಿ ಪಂಪಾವತಿಗೆ ಕೆಂಡದ ಮೇಲೆ ನಡೆದ ಹಾಗಾಗುತ್ತಿತ್ತು. ಸಾಲಿನಲ್ಲಿದ್ದ ಹೆಂಗಸರು ಅವಳಿಗೆ ಕೇಳಲೆಂದೇ ಮಾತಾಡುತ್ತಿದ್ದರು.

"ಗುರಿ ಇಟ್ಟು ನೋಡ್ಯಾಳ ನೋಡ್ರೆ. ಕಣ್ಣು ರವಷ್ಟೂ ಅಲುಗಿಲ್ಲ."

"ಹೋದ ವಾರ ಪಾಳಿ ಬದಲಿ ಸಲುವಾಗಿ ಇಬ್ರೂ ಕಚ್ಚಾಡಿದ್ರಂತ."

"ಅಯ್ಯ, ಕಚ್ಚಾಡಿದ್ರ ಗಾಲಿ ಹತ್ತಿಸಿಬಿಡೋದೇನ ಯವ್ವಾ?"

"ಹತ್ತಿಸ್ಯಾಳಲ್ಲ! ಫೋನಿನಾಗ ಐತಲ್ಲ!"

ಎರ್ರಿಸ್ವಾಮಿಯ ಹೆಂಡತಿ ಸುಂಕಮ್ಮ ಅದೇ ಸಾಲಿನಲ್ಲಿದ್ದಳು. ಅವಳು ಒಂದು ಮಾತೂ ಆಡಲಿಲ್ಲ. ಪಂಪಾವತಿಯ ಕೊಡ ನಲ್ಲಿಯ ಕೆಳಗೆ ಬಂದಾಗ ಮುಂದೆ ಬಂದು ನಲ್ಲಿಯನ್ನು ತಿರುವಿ ಬಂದ್ ಮಾಡಿದಳು. ಅಷ್ಟೇ. ಖಾಲಿ ಕೊಡದೊಂದಿಗೆ ಪಂಪಾವತಿ ಮನೆಗೆ ಬಂದಳು.

ಅವಳಿಗೆ ಎದುರು ಮಾತು ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ "ಪ್ರೆಸೆಂಟ್" ಎನ್ನಲೂ ಗಂಟಲು ಕಟ್ಟಿ, ಕ್ಲಾಸಿನಲ್ಲಿ ಕೂತೇ ಗೈರುಹಾಜರಾದವಳು. ಸಿಟ್ಟು ಬರುತ್ತಿರಲಿಲ್ಲವೆಂದಲ್ಲ. ಬಂದ ಸಿಟ್ಟು ಹೊರಗೆ ಹೋಗುವ ದಾರಿ ಕಾಣದೆ ಎದೆಯಲ್ಲೇ ಕುದಿಯುತ್ತಿತ್ತು. ಅದರ ಮೇಲೆ, ಓಣಿಯಲ್ಲಿ ಯಾರಿಗೂ ತಿಳಿಯದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಆ ಹಸಿರು ಚುಕ್ಕೆಯನ್ನು ಹುಟ್ಟಿಸಿದ ಯಂತ್ರ ತಯಾರಾದದ್ದು ಅವಳು ಕೆಲಸ ಮಾಡುವ ಲ್ಯಾಬಿನಲ್ಲಿ.

*

ಜೋಡಿಗುಡ್ಡದ ಗಣಿಯಲ್ಲಿ ಮೂರು ವರ್ಷದಿಂದ ದೀಪವಿಲ್ಲ. ಗುಡ್ಡದ ಕಲ್ಲುಪೊಟರೆಗಳಲ್ಲಿ ಕರಡಿಗಳಿವೆ. ಗಣಿಯ ದೊಡ್ಡ ದೀಪಗಳ ಬೆಳಕಿಗೆ ಅವು ದಿಕ್ಕುಗೆಟ್ಟು ಊರಿಗಿಳಿಯುತ್ತವೆಂದು ಯಾರೋ ಕೋರ್ಟಿಗೆ ಹೋದರು. ಹೊತ್ತು ಮುಳುಗಿದ ಮೇಲೆ ಗುಡ್ಡದಲ್ಲಿ ಒಂದು ಟಾರ್ಚೂ ಹತ್ತಕೂಡದೆಂದು ಆದೇಶವಾಯಿತು. ರಾತ್ರಿಪಾಳಿ ನಿಲ್ಲಿಸಿರಿ ಎಂದು ಕೋರ್ಟು ಹೇಳಲಿಲ್ಲ. ಗಣಿಯವರು ನಿಲ್ಲಿಸಲೂ ಇಲ್ಲ. ಕರಡಿಗೆ ಕತ್ತಲು ಸಿಕ್ಕಿತು, ಕಂಪನಿಗೆ ಅದಿರು ಸಿಕ್ಕಿತು, ಡ್ರೈವರುಗಳಿಗೆ ಹಣೆಗೆ ಕಟ್ಟಿಕೊಳ್ಳುವ ಒಂದು ಯಂತ್ರ ಸಿಕ್ಕಿತು. ಪಂಪಾವತಿಯ ಲ್ಯಾಬಿನವರು ಅದಕ್ಕೆ ನಿಶಾನೇತ್ರ ಎಂದು ಹೆಸರಿಟ್ಟಿದ್ದರು. ಡ್ರೈವರುಗಳು ಅದನ್ನು ಗೂಬಿ ಎಂದು ಕರೆದರು.

ಗೂಬೆಗೆ ಎರಡು ಕೆಲಸ. ನಕ್ಷತ್ರಗಳ ಚೂರುಪಾರು ಬೆಳಕನ್ನು ಹೆಕ್ಕಿ, ಹಿಗ್ಗಿಸಿ, ಕಣ್ಣಿನ ಮುಂದಿನ ಪುಟ್ಟ ಪರದೆಯ ಮೇಲೆ ತೋರಿಸುವುದು ಒಂದು. ಹಾಕಿಕೊಂಡವರ ಕಣ್ಣನ್ನು ಕಾಯುವುದು ಇನ್ನೊಂದು. ಒಳಗಡೆ ಸಾಸಿವೆಯಷ್ಟು ಸಣ್ಣ ಅವಕೆಂಪು ದೀಪಗಳಿವೆ. ಆ ಬೆಳಕು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ. ಆದರೆ ಪಾಪೆಯ ಮೇಲೆ ಬಿದ್ದು ತಿರುಗಿ ಬಂದಾಗ, ಈ ಕಣ್ಣು ಎತ್ತ ನೋಡುತ್ತಿದೆ, ಎಚ್ಚರವಿದೆಯೋ ತೂಕಡಿಸುತ್ತಿದೆಯೋ ಎಂದು ಯಂತ್ರಕ್ಕೆ ತಿಳಿಯುತ್ತದೆ. ತೂಕಡಿಸಿದರೆ ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆಯುತ್ತದೆ. ಡಂಪರಿಗೆ ಕೂಡಿಸಿದ ಶಾಖದ ಕ್ಯಾಮೆರಾ ಬೇರೆ. ಅದರ ಚಿತ್ರದ ಮೇಲೆ ಡ್ರೈವರಿನ ನೋಟವನ್ನು ಹಸಿರು ಚುಕ್ಕೆಯಾಗಿ ಕಂಟ್ರೋಲ್ ರೂಮು ತೋರಿಸುತ್ತದೆ.

ಎರಡು ಕೆಲಸವನ್ನೂ ಒಂದೇ ಗೂಡಿನಲ್ಲಿಡುವುದೇ ತೊಡಕಾಗಿತ್ತು. ಮನುಷ್ಯರಿಗೆ ಕಾಣದ ಅವಕೆಂಪು ಬೆಳಕು ಗೂಬೆಯ ರಾತ್ರಿಕ್ಯಾಮೆರಾಕ್ಕೆ ಚೆನ್ನಾಗಿಯೇ ಕಾಣುತ್ತದೆ. ಒಳಗಿನ ದೀಪ ಹತ್ತಿದರೆ ಹೊರಗಿನ ದೃಶ್ಯವೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಅದಕ್ಕೆ ದೀಪವೂ ಕ್ಯಾಮೆರಾವೂ ಪಾಳಿ ಹಂಚಿಕೊಂಡವು. ದೀಪ ಹತ್ತಿದಾಗ ಕ್ಯಾಮೆರಾ ಮುಚ್ಚುತ್ತದೆ, ದೀಪ ಆರಿದಾಗ ತೆರೆಯುತ್ತದೆ. ಸೆಕೆಂಡಿಗೆ ಅರವತ್ತು ಸಲ. ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಕಡೆ ಒಂದು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಿದರೆ ಮಾತ್ರ, ಇವರು ಕಣ್ಣು ತೆರೆದೇ ನಿದ್ದೆ ಹೋಗಿರಬಹುದೆಂದು ಯಂತ್ರ ಅನುಮಾನಪಟ್ಟು, ದೀಪವನ್ನು ಕೊಂಚ ಜಾಸ್ತಿ ಹೊತ್ತು ಹತ್ತಿಸಿ ಪಾಪೆಯನ್ನು ಪರೀಕ್ಷಿಸುತ್ತಿತ್ತು. ಅಷ್ಟು ಹೊತ್ತು ಪರದೆ ಕಪ್ಪಾಗುತ್ತಿತ್ತು. ಲ್ಯಾಬಿನಲ್ಲಿ ಅದನ್ನು ಹಾಕಿ ನೋಡಿದವರು ಆ ಕಪ್ಪು ಮಿಂಚಿನಿಂದ ತಲೆನೋವೆಂದು ಗೊಣಗಿದರು.

ಆಗ ಪಂಪಾವತಿ ಹನ್ನೊಂದು ಸಾಲು ಬರೆದಳು. ಕ್ಯಾಮೆರಾ ಮುಚ್ಚಿದ್ದಾಗ ಕಪ್ಪು ತೋರಿಸಬೇಡ, ಕೊನೆಯದಾಗಿ ಕಂಡ ಚಿತ್ರವನ್ನೇ ಹಿಡಿದಿಟ್ಟು ತೋರಿಸು. ಇಷ್ಟೇ. ಗೊಣಗಾಟ ನಿಂತಿತು. ಲ್ಯಾಬಿನ ಮುಖ್ಯಸ್ಥ ಭಾರ್ಗವ ಸರ್ ಎಲ್ಲರಿಗೂ ಜಾಮೂನು ಹಂಚಿ, "ನೋಡಿ, ಬಾಯೇ ಬಿಡದ ಹುಡುಗಿ ಎಂಥಾ ಕೆಲಸ ಮಾಡಿದಾಳೆ!" ಎಂದಿದ್ದರು. ಆ ಹೊತ್ತಿಗೆ ನಾಚಿ, ನೆಲ ನೋಡಿ ನಕ್ಕಿದ್ದಳಲ್ಲ ತಾನು, ಅದನ್ನು ನೆನೆದರೆ ಈಗ ಅವಳಿಗೆ ತನ್ನ ಮುಖವನ್ನೇ ಪರಚಿಕೊಳ್ಳಬೇಕೆನಿಸುತ್ತಿತ್ತು. ಆದರೆ ಹಾಗೆನಿಸಿದ್ದು ಆಮೇಲೆ. ಆ ಸಾಲುಗಳಿಗೂ ಎರ್ರಿಸ್ವಾಮಿಯ ಸಾವಿಗೂ ಸಂಬಂಧವಿದೆಯೆಂದು ಅಪಘಾತವಾದ ಎಂಟು ದಿನದವರೆಗೆ ಅವಳಿಗೂ ಹೊಳೆದಿರಲಿಲ್ಲ.

*

ಎಂಟನೆಯ ದಿನ ಮಧ್ಯಾಹ್ನ ಗಾಳೆಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ರೊಟ್ಟಿ ಒಣಗಿ ಸೆಟೆದಿತ್ತು. ಮೂವತ್ತಾರರ ಗಟ್ಟಿ ಹೆಂಗಸು, ನೂರು ಟನ್ನಿನ ಡಂಪರನ್ನು ಆಟದ ಗಾಡಿಯಂತೆ ತಿರುಗಿಸುತ್ತಿದ್ದವಳು. ತಂಗಿಯ ಇಂಜಿನಿಯರಿಂಗ್ ಓದು ಮುಗಿದದ್ದೂ ಆ ಸ್ಟೀರಿಂಗಿನಿಂದಲೇ. ಈಗ ಎಂಟು ದಿನಕ್ಕೆ ಕೆನ್ನೆ ಇಳಿದುಬಿಟ್ಟಿತ್ತು. ಶುಕ್ರವಾರ ಗಣಿಯಲ್ಲಿ ವಿಚಾರಣೆ. ಗೊತ್ತಿದ್ದೂ ಗಾಡಿ ಹಿಂದಕ್ಕೆ ಬಿಟ್ಟಳೆಂದು ಬರೆದರೆ ಅಲ್ಲಿಂದ ನೇರ ಪೊಲೀಸು, ಜೈಲು.

"ಕೈ ಮ್ಯಾಲೇ ಇತ್ತು ಪಂಪಿ," ಎಂದಳು. ಎಂಟು ದಿನದಿಂದ ಹೇಳುತ್ತಿದ್ದ ಮಾತು. ಇವತ್ತು ಅದರ ಬಾಲಕ್ಕೆ ಇನ್ನೊಂದು ಸೇರಿತು. "ಇಳಿದಿತ್ತೇನೋ. ಫೋನಿನಾಗ ಇಳಿದೈತಲ್ಲ. ಎಲ್ಲಾರಿಗೂ ಕಂಡದ್ದು ನನಗೊಬ್ಬಾಕಿಗೆ ಕಾಣಲಿಲ್ಲಂದ್ರ ನನ್ನ ಕಣ್ಣಿನಾಗ ಏನೋ ಐತಿ. ನಾನಾ ಕೊಂದೀನೇನೋ."

ಪಂಪಾವತಿಗೆ ಮೈಯೆಲ್ಲ ಉರಿಯಿತು. ಊರು ಅಕ್ಕನನ್ನು ಕೊಲೆಗಾತಿ ಎಂದರೆ ಅದು ಊರಿನ ಬಾಯಿ. ಅಕ್ಕ ತಾನೇ ಹಾಗನ್ನುವಂತೆ ಮಾಡಿತಲ್ಲ ಆ ಹನ್ನೊಂದು ಸೆಕೆಂಡು! ಅವಳು ಫೋನು ತೆಗೆದು ಅದನ್ನೇ ಮತ್ತೆ ನೋಡಿದಳು. ನೂರನೆಯ ಸಲವೋ ಏನೋ. ಕೈ ಇಳಿಯಿತು. ಎರ್ರಿಸ್ವಾಮಿ ಬಗ್ಗಿದ. ಹೋದ. ಹಸಿರು ಚುಕ್ಕೆ ಬರಿ ನೆಲದ ಮೇಲೆ ಕೂತಿತ್ತು.

ಬರಿ ನೆಲದ ಮೇಲೆ.

"ಅಕ್ಕಾ, ಅಂವ ಅತ್ತಾಗ ಹೋದ ಮ್ಯಾಲೂ ನೀನು ಅಲ್ಲೇ ಯಾಕ ನೋಡ್ತಿದ್ದಿ?"

"ಎಲ್ಲಿ ಹೋದ? ಅಂವ ಅಲ್ಲೇ ನಿಂತಿದ್ನಲ್ಲ."

ಎದುರಿಗೆ ಒಂದು ಕೋಳಿಮರಿ ಅಲುಗಿದರೂ ಕಣ್ಣು ಅದರ ಬೆನ್ನು ಹತ್ತುತ್ತದೆ. ನೋಡುವ ಕಣ್ಣಿಗೆ ಅದೇ ಧರ್ಮ. ಮನುಷ್ಯನೊಬ್ಬ ಕೈ ಇಳಿಸಿ, ಬಗ್ಗಿ, ನಡೆದುಹೋಗುವಾಗ ಈ ನೋಟ ಕೂದಲೆಳೆಯಷ್ಟೂ ಅವನ ಹಿಂದೆ ಹೋಗಿಲ್ಲ. ಹೋಗದ ಮೇಲೆ, ಅವನು ಹೋದದ್ದು ಅವಳಿಗೆ ಕಂಡೇ ಇಲ್ಲ.

"ನೀನು ಹೆಂಗ ನೋಡ್ತಿದ್ದಿ? ತೋರಿಸು ನನಗ."

"ಹೆಂಗಂದ್ರ? ಕಣ್ಣು ಕೊಟ್ಟಿದ್ದೆ."

ಕಣ್ಣು ಕೊಡುವುದು ಆ ಗಣಿಯ ಹಳೆಯ ಪದ್ಧತಿ, ಗೂಬೆಗಳು ಬರುವ ಎಷ್ಟೋ ಮೊದಲಿನದು. ಡಂಪರು ಅಂಚಿಗೆ ಹಿಂದೆ ಸರಿಯುವ ಮುಂಚೆ ಡ್ರೈವರು ಕಿಟಕಿಯಿಂದ ಹೊರಳಿ ಸಿಗ್ನಲ್ಲಿನವನ ಮೇಲೆ ದೃಷ್ಟಿ ನೆಡಬೇಕು. ಅವನ ಕೈ ಮೇಲಿದ್ದರೆ ಬಾ, ಇಳಿದರೆ ನಿಲ್ಲು. ಒಮ್ಮೆ ಕೊಟ್ಟ ಕಣ್ಣನ್ನು ಕಸಿಯಬಾರದು. ನೊಣ ಕೂತರೂ, ಬೆವರು ಇಳಿದರೂ. ಆ ಭರವಸೆಯ ಮೇಲೆಯೇ ಸಿಗ್ನಲ್ಲಿನವನು ಕೈ ಇಳಿಸಿ, ಗಾಲಿಗೆ ಅಡ್ಡ ಬಂದ ಕಲ್ಲು ತೆಗೆಯಲು ಡಂಪರಿನ ಹಿಂದಕ್ಕೆ ಹೋಗುವುದು. ಗಾಳೆಮ್ಮ ಅದರಲ್ಲಿ ಹೆಸರಾದವಳು. "ಗಾಳೆಮ್ಮ ಕಣ್ಣು ಕೊಟ್ಳಂದ್ರ ನಾನು ಗಾಲಿ ಹಿಂದ ಮಕ್ಕಂಡು ಗೊರಕಿ ಹೊಡಿತೀನಿ," ಎಂದು ಎರ್ರಿಸ್ವಾಮಿ ಚಹಾದ ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳುತ್ತಿದ್ದ.

ಗಾಳೆಮ್ಮ ಗೂಟದಲ್ಲಿದ್ದ ಸೌಟಿಗೆ ಕಣ್ಣು ಕೊಟ್ಟಳು. ಕತ್ತು ಕಲ್ಲಾಯಿತು, ರೆಪ್ಪೆ ಕಲ್ಲಾಯಿತು. ಪಂಪಾವತಿ ಮನಸ್ಸಿನಲ್ಲೇ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಆರಕ್ಕೆ ಅಕ್ಕ ರೆಪ್ಪೆ ಬಡಿದಳು. ಒಂದು ಸೆಕೆಂಡಿಗಿಂತ ಹೆಚ್ಚು ದಿಟ್ಟಿಸಿದರೆ ಯಂತ್ರ ಏನು ಮಾಡುತ್ತದೆಂಬುದು ಆಗ ಪಂಪಾವತಿಯ ತಲೆಗೆ ಬಂತು. ಅವಳು ರೊಟ್ಟಿಯ ತಟ್ಟೆಯನ್ನು ದಾಟಿಕೊಂಡು ಎದ್ದೋಡಿದಳು.

*

ಲ್ಯಾಬಿನ ಪರೀಕ್ಷಾ ಕೋಣೆಯಲ್ಲಿ ಕಪ್ಪು ಪರದೆ ಎಳೆದು, ಗೂಬೆಯೊಂದನ್ನು ಹಾಕಿಕೊಂಡು ಕೂತಳು. ಎದುರಿಗೆ ಕತ್ತು ಆಡಿಸುವ ಟೇಬಲ್ ಫ್ಯಾನು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಿತ್ತು. ಅದರ ನೆತ್ತಿಯ ಗುಂಡಿಗೆ ಕಣ್ಣು ಕೊಟ್ಟಳು. ಒಂದು ಸೆಕೆಂಡು ಕಳೆಯಿತು.

ಫ್ಯಾನಿನ ಕತ್ತು ನಿಂತಿತು. ಅವಳ ಕಡೆಗೇ ಮುಖ ಮಾಡಿ, ಅಲುಗದೆ. ಆದರೆ ಗಾಳಿ ಅವಳ ಮುಖದ ಮೇಲಿಂದ ಸರಿದುಹೋಯಿತು, ಕೊಂಚ ತಡೆದು ಮತ್ತೆ ಬಂತು, ಮತ್ತೆ ಹೋಯಿತು.

ಗೂಬೆಯನ್ನು ಕಿತ್ತು ಮೇಜಿನ ಮೇಲೆ ಎಸೆದಳು. ಇಷ್ಟು ಸರಳ! ನೆಟ್ಟ ನೋಟ ಕಂಡರೆ ಯಂತ್ರ ಪರೀಕ್ಷೆಗೆ ಇಳಿಯುತ್ತದೆ, ಕ್ಯಾಮೆರಾ ಮುಚ್ಚುತ್ತದೆ, ಹಳೆಯ ಚಿತ್ರ ಹಿಡಿದಿಡುತ್ತದೆ. ಚಿತ್ರ ಅಲುಗದ್ದರಿಂದ ಕಣ್ಣು ಅಲುಗುವುದಿಲ್ಲ. ಕಣ್ಣು ಅಲುಗದ್ದರಿಂದ ಯಂತ್ರ ಮತ್ತೆ ಪರೀಕ್ಷಿಸುತ್ತದೆ. ಮುಕ್ಕಾಲು ಸೆಕೆಂಡಿನಲ್ಲಿ ಮುಗಿಯಬೇಕಾದ್ದು ರೆಪ್ಪೆ ಬಡಿಯುವವರೆಗೆ ಮುಗಿಯುವುದೇ ಇಲ್ಲ. ಎಚ್ಚರಿಕೆಯಿಂದ ನೋಡುವವರನ್ನೇ ಹುಡುಕಿ ಹುಡುಕಿ ಕುರುಡು ಮಾಡುವ ಯಂತ್ರ. ಅತ್ತಿತ್ತ ಕಣ್ಣು ಹರಿಸುವ ಉಡಾಳ ಡ್ರೈವರಿಗೆ ಎಲ್ಲವೂ ಕಾಣುತ್ತದೆ.

ಅಪಘಾತದ ದಿನದ ದಾಖಲೆ ತೆಗೆದಳು. ಪರದೆಯ ಮೇಲೆ ಏನು ತೋರಿತೆಂಬುದನ್ನು ಯಂತ್ರ ಉಳಿಸಿಕೊಳ್ಳುವುದಿಲ್ಲ. ಆದರೆ ಒಳಗಿನ ದೀಪಗಳು ಎಷ್ಟು ಕರೆಂಟು ಎಳೆದವೆಂಬುದು ಬ್ಯಾಟರಿಯ ಲೆಕ್ಕದಲ್ಲಿ ಉಳಿದಿರುತ್ತದೆ. ಗಾಳೆಮ್ಮನ ಗೂಬೆಯ ದೀಪ ಎಡೆಬಿಡದೆ ನಾಲ್ಕು ಸೆಕೆಂಡಿನ ಮೇಲೆ ಹತ್ತಿತ್ತು. ಎರ್ರಿಸ್ವಾಮಿ ಕೈ ಇಳಿಸುವ ಮೊದಲೇ ಹತ್ತಿ, ಡಂಪರು ಜಗ್ಗಿದಾಗ ಆರಿತ್ತು. ಆ ಪುಟವನ್ನು ಅಚ್ಚು ಹಾಕಿಕೊಂಡು ಭಾರ್ಗವ ಸರ್ ಕೋಣೆಗೆ ಹೋದಳು.

ಅವರು ಓದಿದರು. ಕನ್ನಡಕ ತೆಗೆದು ಒರೆಸಿದರು.

"ಈ ಲಾಗ್ ತೆಗೀರಿ ಅಂತ ನಿಮಗೆ ಯಾರು ಹೇಳಿದ್ದು?"

"ಸರ್... ನಾಲ್ಕು ಸೆಕೆಂಡು ಸರ್... ಆಕೆಗೆ ಕಂಡದ್ದು ಹಳೇ ಚಿತ್ರ..."

"ಮನುಷ್ಯರು ಹಾಗೆ ನೋಡೋದಿಲ್ಲಮ್ಮ. ನಲವತ್ತು ಜನರ ಮೇಲೆ ಪರೀಕ್ಷೆ ಮಾಡಿದೀವಿ. ಒಬ್ಬರೂ ಒಂದೂವರೆ ಸೆಕೆಂಡಿನ ಮೇಲೆ ದಿಟ್ಟಿಸಿಲ್ಲ."

ಆ ನಲವತ್ತು ಜನ ಯಾರೆಂದು ಪಂಪಾವತಿಗೆ ಗೊತ್ತಿತ್ತು. ಲೆಕ್ಕಪತ್ರ ವಿಭಾಗದವರು, ರಿಸೆಪ್ಷನ್ನಿನ ಹುಡುಗಿಯರು, ತರಬೇತಿಗೆ ಬಂದ ಕಾಲೇಜು ಹುಡುಗರು. ದಿನಕ್ಕೆ ಸಾವಿರ ಸಲ ಫೋನು ನೋಡುವ ಕಣ್ಣುಗಳು. ಒಬ್ಬ ಡ್ರೈವರನ್ನೂ ಕರೆದಿರಲಿಲ್ಲ.

"ಹಿಂದೆಯೂ ಹೀಗಾಗಿತ್ತಾ ಸರ್?" ಅವಳು ಕೇಳಿದ್ದು ಸುಮ್ಮನೆ. ಅವರ ಮುಖದಲ್ಲಿ ಆಶ್ಚರ್ಯವಿಲ್ಲದ್ದನ್ನು ನೋಡಿ.

ಭಾರ್ಗವ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಎರಡು ದೂರು ಬಂದಿತ್ತು, ಬೇಸಿಗೆಯಲ್ಲಿ. ಚಿತ್ರ ಅಂಟಿಕೊಳ್ಳುತ್ತೆ ಅಂತ. ಬಳಕೆದಾರರ ಅಭ್ಯಾಸದ ದೋಷ ಅಂತ ಬರೆದು ಮುಗಿಸಿದೀವಿ." ಆಮೇಲೆ ದನಿ ತಗ್ಗಿಸಿ, ಮಗುವಿಗೆ ತಿಳಿಹೇಳುವಂತೆ, "ನೋಡಿ ಪಂಪಾವತಿ, ಆ ಸಾಲುಗಳ ಮೇಲೆ ಇರೋದು ನಿಮ್ಮ ಹೆಸರು. ಆ ಡ್ರೈವರು ನಿಮ್ಮ ಅಕ್ಕ. ನಿಮ್ಮ ಮಾತಿಗೆ ಎಷ್ಟು ಬೆಲೆ ಬರುತ್ತೆ, ನೀವೇ ಯೋಚಿಸಿ. ಅಕ್ಕನೂ ಹೋಗ್ತಾರೆ, ನೀವೂ ಹೋಗ್ತೀರಿ. ಆಯಾಸವಾಗಿತ್ತು, ಮಂಪರಿತ್ತು ಅಂತ ಒಂದು ಕಾಗದಕ್ಕೆ ಸಹಿ ಮಾಡಿಸಿ. ಕೇಸು ಹಗುರಾಗುತ್ತೆ. ನಾನು ಗಣಿಯವರ ಹತ್ತಿರ ಮಾತಾಡ್ತೀನಿ."

ಪಂಪಾವತಿ ಅಚ್ಚು ಹಾಕಿದ ಪುಟವನ್ನು ಅವರ ಮೇಜಿನಿಂದ ಎತ್ತಿಕೊಂಡು ಬಂದಳು, ಅಷ್ಟೇ. ತನ್ನ ಕುರ್ಚಿಗೆ ಮರಳುವಷ್ಟರಲ್ಲಿ ಅವಳ ಕಂಪ್ಯೂಟರು ಪಾಸ್‌ವರ್ಡು ತಪ್ಪೆಂದು ಹೇಳುತ್ತಿತ್ತು.

*

ಕಾಗದ ಆಗಲೇ ಮನೆಗೆ ಬಂದಿತ್ತು. ಗಣಿಯ ಆಫೀಸಿನವರು ತಂದುಕೊಟ್ಟು ಹೋಗಿದ್ದರು. ಗಾಳೆಮ್ಮ ಪೆನ್ನು ಹುಡುಕುತ್ತಿದ್ದಳು.

"ಸಹಿ ಮಾಡಿದ್ರ ಪೊಲೀಸಿಗೆ ಕೊಡಂಗಿಲ್ಲಂತ. ನಿದ್ದಿ ಬಂದಿತ್ತು ಅಂತ ಅಂದ್ರಾತು."

"ಬಂದಿತ್ತೇನ?"

"ನಿದ್ದಿ?" ಗಾಳೆಮ್ಮ ಕಣ್ಣು ಕೆಕ್ಕರಿಸಿದಳು. "ಹದಿಮೂರು ವರ್ಷದಾಗ ಸ್ಟೀರಿಂಗ್ ಮ್ಯಾಲೆ ಒಮ್ಮಿ ಆಕಳಿಸಿಲ್ಲ ನಾನು!"

"ಹಂಗಾದ್ರ ಯಾಕ ಮಾಡ್ತಿ ಸಹಿ?"

"ಮತ್ತ ಕೊಲಿ ಮಾಡೀನಿ ಅಂತ ಬರ್ಕೊಡ್ಲೇನ?"

ಪಂಪಾವತಿ ಹೇಳಿದಳು. ತಡವರಿಸುತ್ತ, ಮುಂದಿನದು ಹಿಂದೆ, ಹಿಂದಿನದು ಮುಂದೆ ಮಾಡುತ್ತ, ದೀಪ, ಕ್ಯಾಮೆರಾ, ಹಿಡಿದಿಟ್ಟ ಚಿತ್ರ, ಫ್ಯಾನು, ಎಲ್ಲ. ಹನ್ನೊಂದು ಸಾಲು ತನ್ನವೆಂಬುದನ್ನೂ. ಅದನ್ನು ಹೇಳುವಾಗ ನೆಲ ನೋಡಿದಳು.

ಗಾಳೆಮ್ಮ ಕೈಗೆ ಸಿಕ್ಕ ಸ್ಟೀಲಿನ ಲೋಟವನ್ನು ಬೀಸಿ ಗೋಡೆಗೆ ಹೊಡೆದಳು. ಲೋಟ ನೆಗ್ಗಿ, ಉರುಳಿ, ಬಾಗಿಲಾಚೆ ಹೋಯಿತು.

"ನೀನು ಬರೆದದ್ದಾ?"

"ಹೌದು."

"ಗೂಬಿ ಹಾಕ್ಕೊಂಡು ಭಯ ಇಲ್ದಂಗ ಹೋಗು ಅಂದಾಕಿ ನೀನಾ ಅಲ್ಲೇನ?"

"ನಾನಾ."

"ಹೇಳು. ನನ್ನ ಕಣ್ಣು ಸರಿ ಅದಾವು ಅಂತ ಹೇಳು."

"ಸರಿ ಅದಾವಕ್ಕ."

"ಇನ್ನೊಮ್ಮಿ ಹೇಳು."

"ನಿನ್ನ ಕಣ್ಣು ಸರಿ ಅದಾವು. ನಿನಗ ಕಂಡದ್ದು ಎತ್ತಿದ ಕೈನಾ."

ಗಾಳೆಮ್ಮ ಕಾಗದವನ್ನು ನಾಲ್ಕು ಚೂರು ಮಾಡಿ ಒಲೆಗೆ ತುರುಕಿದಳು. "ನನಗ ಹೇಳಿ ಏನಾತು? ಅಲ್ಲಿ ಹೇಳು ಹೋಗು. ಸುಂಕಮ್ಮನ ಮುಂದ ನಿಂತು ಹೇಳು. ಬಾಯಿ ಬರಲಿಲ್ಲಂದ್ರ ಈ ಮನಿಗೆ ಬರಬ್ಯಾಡ."

*

ಶುಕ್ರವಾರ ಮಧ್ಯಾಹ್ನ ಗಣಿಯ ಕ್ಯಾಂಟೀನಿನಲ್ಲಿ ಬೆಂಚುಗಳನ್ನು ಸಾಲಾಗಿಟ್ಟು ವಿಚಾರಣೆಗೆ ಜಾಗ ಮಾಡಿದ್ದರು. ವಿಚಾರಣೆ ನಡೆಸಲು ಬಂದ ಫಕೀರಪ್ಪನವರು ನಿವೃತ್ತ ಗಣಿ ಇಂಜಿನಿಯರು, ಮಾತು ಕಡಿಮೆ, ಕೈಲಿ ಬರೆಯುವ ಹಳೇ ಕಾಲದ ಮನುಷ್ಯ. ಅವರ ಮುಂದಿನ ಮೇಜಿನ ಮೇಲೆ ಗಾಳೆಮ್ಮನ ಗೂಬೆ ಚೀಟಿ ಅಂಟಿಸಿಕೊಂಡು ಸಾಕ್ಷಿಯಾಗಿ ಕೂತಿತ್ತು. ಭಾರ್ಗವ ಸರ್ ಎದ್ದು ವಿಡಿಯೊ ತೋರಿಸಿದರು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದರು. ಕೈ ಇಳಿದದ್ದನ್ನು ಡ್ರೈವರು ನೇರವಾಗಿ ನೋಡುತ್ತಿದ್ದಾರೆ, ಚುಕ್ಕೆಯನ್ನು ಗಮನಿಸಿ, ಎಂದರು. ಹೊರಗೆ ರಾತ್ರಿಪಾಳಿಯ ಡ್ರೈವರುಗಳು ಕಿಟಕಿಗಳಿಗೆ ಮುಗಿಬಿದ್ದಿದ್ದರು.

"ಡ್ರೈವರ್ ಪರವಾಗಿ ಯಾರಾದರೂ ಮಾತಾಡೋರಿದ್ದೀರಾ?" ಫಕೀರಪ್ಪ ಕೇಳಿದರು.

ಪಂಪಾವತಿ ಎದ್ದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಬೆಂಚುಗಳು ಕಾದವು. ಭಾರ್ಗವರ ತುಟಿಯ ತುದಿಯಲ್ಲಿ ಒಂದು ನಗು ಮೂಡಿತು, ಜಾಮೂನು ಹಂಚಿದ ದಿನದ್ದೇ ನಗು, ಬಾಯೇ ಬಿಡದ ಹುಡುಗಿ. ಆ ನಗು ಕಂಡು ಅವಳ ಸಿಟ್ಟಿಗೆ ಹೊರಗೆ ಬರುವ ದಾರಿ ಸಿಕ್ಕಿತು.

"ಕಿಟಕಿ ಮುಚ್ಚಿಸ್ರಿ," ಎಂದಳು. ದನಿ ಒಡಕಾಗಿತ್ತು, ಆದರೆ ದೊಡ್ಡದಾಗಿತ್ತು. "ಆ ಗೂಬಿ ಯಾರಾದ್ರೂ ಹಾಕ್ಕೋರಿ. ನಾನು ತೋರಿಸ್ತೀನಿ."

"ಸರ್, ಆಕೆ ಡ್ರೈವರಿನ ತಂಗಿ. ಇದಕ್ಕೆಲ್ಲ ನಿಯಮ—" ಭಾರ್ಗವ ಎದ್ದರು.

"ತಂಗಿ ಹೌದು. ನಿಮ್ಮ ಲ್ಯಾಬಿನಾಕಿನೂ ಹೌದು. ಅದರಾಗ ನಾನು ಬರೆದದ್ದೈತಿ. ಏನ ಬರೆದೀನಿ ಅಂತ ತೋರ್ಸಾಕ ನಿಮ್ಮ ಅಪ್ಪಣಿ ಬೇಕೇನ್ರಿ?"

ಫಕೀರಪ್ಪ ಕೈಯಾಡಿಸಿ ಭಾರ್ಗವರನ್ನು ಕೂರಿಸಿದರು. ತಾಡಪಾಲುಗಳನ್ನು ಕಿಟಕಿಗೆ ಇಳಿಬಿಟ್ಟರು. ಒಳಗೆ ಮಬ್ಬು ಕವಿಯಿತು. ಒಬ್ಬರ ಆಕಾರ ಇನ್ನೊಬ್ಬರಿಗೆ ಕಾಣುವಷ್ಟು ಮಾತ್ರ ಬೆಳಕು. ಗೂಬೆ ಯಾರು ಹಾಕಿಕೊಳ್ಳುವುದೆಂದು ಎಲ್ಲರೂ ಎಲ್ಲರನ್ನೂ ನೋಡಿದರು.

"ನನಗ ಕೊಡ್ರಿ." ಮುಂದಿನ ಬೆಂಚಿನಿಂದ ಸುಂಕಮ್ಮ ಎದ್ದಿದ್ದಳು. ಹತ್ತು ದಿನದಲ್ಲಿ ಪಂಪಾವತಿ ಕೇಳಿದ ಅವಳ ಮೊದಲ ದನಿ. "ಇವರ ಆಟ ನನ್ನ ಕಣ್ಣಿಲೆ ನೋಡ್ತೀನಿ. ನನ್ನ ಕಣ್ಣಿಗೆ ಯಾರೂ ಪಾಠ ಹೇಳ್ಕೊಟ್ಟಿಲ್ಲ."

ಪಂಪಾವತಿ ಸುಂಕಮ್ಮನ ರೆಪ್ಪೆಗಳನ್ನು ನೋಡಿದಳು. ಒಂದು ಸಲ ರೆಪ್ಪೆ ಬಡಿದರೆ ಮುಗಿಯಿತು, ಎಲ್ಲವೂ ಸರಿಯಾಗಿ ಕಾಣಿಸುತ್ತದೆ, ಅಕ್ಕ ಜೈಲಿಗೆ ಹೋಗುತ್ತಾಳೆ. ಆದರೂ ಗೂಬೆಯನ್ನು ತಾನೇ ಸುಂಕಮ್ಮನ ಹಣೆಗೆ ಕಟ್ಟಿದಳು. ಆರು ಹೆಜ್ಜೆ ಆಚೆ ಹೋಗಿ ಚಪ್ಪಲಿ ಬಿಟ್ಟು ನಿಂತಳು. ಕೈ ಎತ್ತಿದಳು.

"ಕಾಣ್ತೀನೇನಕ್ಕ?"

"ಕಾಣ್ತಿ. ನಿಮ್ಮ ಮನಿತನದ ಮಾರಿ ಹಗಲೆಲ್ಲಾ ಕಾಣ್ತೈತಿ ನನಗ."

"ನನಗ ಕಣ್ಣು ಕೊಡು. ಕಸಿಬ್ಯಾಡ. ಕೈ ಇಳಿದ್ರ ಇಳೀತು ಅನ್ನು."

"ಕೊಟ್ಟೀನಿ," ಎಂದಳು ಸುಂಕಮ್ಮ. ಹತ್ತು ದಿನದ ಉರಿಯೆಲ್ಲ ಆ ನೋಟದಲ್ಲಿತ್ತು. ಗಂಡನನ್ನು ತಿಂದವರ ಮನೆಯ ಹುಡುಗಿ ಎದುರಿಗೆ ನಿಂತಿರುವಾಗ ರೆಪ್ಪೆ ಯಾಕೆ ಬಡಿಯಬೇಕು?

ಪಂಪಾವತಿ ಒಂದು ಎಣಿಸಿದಳು. ಎರಡು. ಕೈ ಇಳಿಸಿದಳು.

"ಈಗ?" ಫಕೀರಪ್ಪ ಕೇಳಿದರು.

"ಎತ್ಯಾಳ."

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಪಂಪಾವತಿ ಬರಿಗಾಲಿನಲ್ಲಿ ಸದ್ದಿಲ್ಲದೆ ನಡೆದಳು. ಒಂದು ಹೆಜ್ಜೆ, ಎರಡು. ಕ್ಯಾಂಟೀನಿಗೆ ಕ್ಯಾಂಟೀನೇ ಅವಳ ಆಕಾರ ಮಬ್ಬಿನಲ್ಲಿ ಚಲಿಸುವುದನ್ನು ನೋಡಿತು.

"ಈಗ?"

"ಎತ್ಯಾಳ ಅಂದ್ನೆಲ್ರಿ! ಅಲ್ಲೇ ನಿಂತಾಳ!"

"ಸುಂಕಮ್ಮಕ್ಕ," ಎಂದಳು ಪಂಪಾವತಿ, ಅವಳ ಕಿವಿಯ ಬಳಿ. "ನಾನು ಇಲ್ಲಿ ಅದೀನಿ."

ಸುಂಕಮ್ಮ ಚೀರಿ ಹಿಂದಕ್ಕೆ ಜಿಗಿದಳು. ಗೂಬೆಯನ್ನು ಕಿತ್ತಳು, ಆರು ಹೆಜ್ಜೆ ಆಚೆಯ ಖಾಲಿ ಜಾಗವನ್ನು ನೋಡಿದಳು, ಪಕ್ಕದಲ್ಲಿದ್ದ ಪಂಪಾವತಿಯನ್ನು ನೋಡಿದಳು, ಮತ್ತೆ ಆ ಜಾಗವನ್ನು ನೋಡಿದಳು.

"ಅಂವ ಕೈ ಇಳಿಸಿದಾಗ," ಅವಳ ದನಿ ಬಾವಿಯೊಳಗಿಂದ ಬಂದಂತಿತ್ತು, "ಗಾಳೆಮ್ಮಗ ಹಿಂಗಾ ಕಂಡಿತ್ತೇನ?"

"ಹಿಂಗಾ."

"ಈ ಗೂಬಿಗೆ?"

"ಅದರ ಕಣ್ಣು ಆಗ ಮುಚ್ಚಿತ್ತು."

"ಹಂಗಾದ್ರ ನನ್ನ ಗಂಡನ್ನ ಆಗ ಯಾರು ನೋಡಿದ್ರು?"

ಪಂಪಾವತಿಗೆ ಉತ್ತರ ಗೊತ್ತಿತ್ತು. ಹೇಳಿದಳು. "ಯಾರೂ ನೋಡ್ಲಿಲ್ಲಕ್ಕ. ಹಳೇ ಚಿತ್ರ ತೋರ್ಸು ಅಂತ ಅದಕ್ಕ ಕಲಿಸಿದಾಕಿ ನಾನು. ಹಿಂಗ ಆಗ್ತೈತಿ ಅಂತ ಎರಡು ಸಲ ದೂರು ಕೇಳಿ, ಸುಮ್ಮನ ಕೂತೋರು ಭಾರ್ಗವ ಸರ್."

ಸುಂಕಮ್ಮನ ಏಟು ಅವಳ ಕೆನ್ನೆಗೆ ಬಿತ್ತು. ಕ್ಯಾಂಟೀನಿನ ಆ ತುದಿಗೂ ಕೇಳಿಸಿತು. ಪಂಪಾವತಿ ಕೆನ್ನೆ ಮುಟ್ಟಿಕೊಳ್ಳಲಿಲ್ಲ.

"ಸರ್, ದೂರಿನ ವಿಷಯ ನಮ್ಮ ಲ್ಯಾಬಿನ ಒಳಗಿನದು," ಭಾರ್ಗವ ಎದ್ದು ಕಾಗದಗಳನ್ನು ಸೇರಿಸತೊಡಗಿದರು. "ಇದು ಈ ದಾಖಲೆಗೆ ಬರೋ ಹಾಗಿಲ್ಲ. ಪ್ರತ್ಯೇಕವಾಗಿ ಕೂತು..."

ಸುಂಕಮ್ಮ ಅವರನ್ನು ದಾಟಿಕೊಂಡು ಹೋಗಿ ಬಾಗಿಲ ಹೊಸ್ತಿಲಿಗೆ ಅಡ್ಡಲಾಗಿ ಕೂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಬರ್ಕೋರಿ ಸಾಹೇಬ್ರ. ಈಕಿ ಅಂದದ್ದೆಲ್ಲಾ ಬರ್ಕೋರಿ. ಬರ್ಕೊಳ್ಳೋ ಮಟ ಈ ಬಾಗಲದಾಗ ಯಾರು ದಾಟ್ತಾರ ನೋಡ್ತೀನಿ."

ಫಕೀರಪ್ಪ ಪೆನ್ನು ತೆರೆದರು. "ಹೇಳಮ್ಮ. ದೋಷ ಯಾರದು ಅಂತ ಬರೀಲಿ?"

"ಮೊದಲ ನನ್ನ ಹೆಸರು ಬರೀರಿ. ಪಂಪಾವತಿ, ತಂದಿ ಕೊಟ್ರಪ್ಪ. ಆಮ್ಯಾಲೆ ಅವರದು. ಅವರದು ದೊಡ್ಡದಾಗಿ ಬರೀರಿ." ಅವಳು ಅಚ್ಚು ಹಾಕಿದ ಪುಟವನ್ನು ಮೇಜಿನ ಮೇಲಿಟ್ಟು, ದೀಪ ಹತ್ತಿದ ಹೊತ್ತು, ಆರಿದ ಹೊತ್ತು, ದೂರು ಬಂದದ್ದು, ಮುಚ್ಚಿಟ್ಟದ್ದು, ಒಂದೊಂದೇ ಹೇಳಿದಳು. ಫಕೀರಪ್ಪ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದರು.

ಅದುವರೆಗೆ ಸುಮ್ಮನಿದ್ದ ಗಾಳೆಮ್ಮ ಆಗ ಎದ್ದಳು. ಅವಳು ಅಳುತ್ತಿರಲಿಲ್ಲ. ಭಾರ್ಗವರ ಮುಂದೆ ಹೋಗಿ ನಿಂತು ಕೇಳಿದಳು.

"ಇವತ್ತಿನ ರಾತ್ರಿಪಾಳಿಗೆ ಎಷ್ಟು ಮಂದಿ ಗೂಬಿ ಕಟ್ಗೊಂತಾರ್ರಿ?"

ಭಾರ್ಗವ ಗಣಿಯ ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ಗೋಡೆ ನೋಡಿದರು. ಕಿಟಕಿಯಾಚೆಯಿಂದ, ತಾಡಪಾಲು ಎತ್ತಿ ಹಿಡಿದ ಡ್ರೈವರೊಬ್ಬ ಹೇಳಿದ:

"ಅರವತ್ತೆರಡು, ಯಕ್ಕಾ."

"ಗೂಬಿ ಇಡೋ ಕೋಣಿ ಕೀಲಿ ಯಾರ ಹತ್ರ ಐತಿ? ಅದು ಕೈಗೆ ಬರೋ ಮಟ ಯಾರೂ ಹೊರಗ ಹೋಗಂಗಿಲ್ಲ."

ಹೊತ್ತು ಮುಳುಗಲು ಇನ್ನೂ ಎರಡು ತಾಸಿತ್ತು. ಗಾಳೆಮ್ಮ ನಡೆದು ಹೋಗಿ ಬಾಗಿಲ ಬಳಿ ನಿಂತಳು. ಸುಂಕಮ್ಮ ಅವಳ ಮುಖ ನೋಡಲಿಲ್ಲ. ಆದರೆ ಹೊಸ್ತಿಲ ಮೇಲೆ ಒಂದು ಗೇಣು ಸರಿದು ಅವಳಿಗೆ ಕೂರಲು ಜಾಗ ಬಿಟ್ಟಳು.